ಐರಿಷ್ ನುಡಿಯ ಅಚ್ಚು ಮತ್ತು ಮಗ್ಗ

ಸೋಮವಾರ, ಡಬ್ಲಿನ್

ಐರ್ಲೆಂಡಿನ 1937ರ ಸಂವಿಧಾನ ಐರಿಷ್ ಭಾಷೆಯನ್ನು ದೇಶದ ಮೊದಲ ಅಧಿಕೃತ ಭಾಷೆ ಎಂದು ಸಾರಿದೆ. 2022ರ ಜನಗಣತಿಯಲ್ಲಿ 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆ ಎಂದು ಬರೆಸಿದ್ದಾರೆ. ಶಾಲೆಯ ಹೊರಗೆ ದಿನವೂ ಆ ಭಾಷೆಯಲ್ಲಿ ಮಾತನಾಡುವವರ ಸಂಖ್ಯೆ ಮಾತ್ರ 72 ಸಾವಿರದಷ್ಟಿದೆ. ಬಲ್ಲವರು ಇಷ್ಟಿದ್ದೂ ಆಡುವವರು ಅಷ್ಟೇ ಏಕೆ ಎಂಬುದಕ್ಕೆ ಭಾಷಾತಜ್ಞರ ಬಳಿ ಉತ್ತರಗಳಿವೆ. ಮುದ್ರಣಕ್ಕೆ ಅಕ್ಷರ ರೂಪಿಸುವ ಕೆಲಸದಲ್ಲಿರುವ ನನಗೆ ಬೇರೊಂದು ಕುತೂಹಲವಿತ್ತು. ಕಣ್ಣಿಗೆ ಬೀಳುವ ಅಕ್ಷರದ ಮೂಲಕ, ಮೈಮೇಲೆ ತೊಡುವ ಬಟ್ಟೆಯ ಮೂಲಕ ಒಂದು ಭಾಷೆಯನ್ನು ಮತ್ತೆ ದಿನಬಳಕೆಗೆ ತರಲು ಈ ದೇಶದವರು ನೂರು ವರ್ಷಗಳಿಗೂ ಮಿಕ್ಕಿ ಪ್ರಯತ್ನ ನಡೆಸಿದ್ದಾರೆ ಎಂದು ಓದಿದ್ದೆ. ಅದನ್ನು ಕಣ್ಣಾರೆ ನೋಡಬೇಕೆಂದು 2025ರ ಮೇ ತಿಂಗಳಲ್ಲಿ ಹೊರಟು ಬಂದೆ.

ಡಬ್ಲಿನ್ನಿನ ಬೀದಿಗಳಲ್ಲಿ ಸುಮ್ಮನೆ ನಡೆದರೂ ಪಾಠ ಆರಂಭವಾಗುತ್ತದೆ. ಬೀದಿಯ ಹೆಸರಿನ ಫಲಕಗಳಲ್ಲಿ ಐರಿಷ್ ಮೇಲಿನ ಸಾಲಿನಲ್ಲಿ, ಇಂಗ್ಲಿಷ್ ಕೆಳಗಿನ ಸಾಲಿನಲ್ಲಿ ಇದೆ. ಹಳೆಯ ಫಲಕಗಳಲ್ಲಿ ಐರಿಷ್ ಹೆಸರು 'ಕ್ಲೋ ಗೇಲಖ್' ಎಂಬ ಸಾಂಪ್ರದಾಯಿಕ ಅಕ್ಷರಶೈಲಿಯಲ್ಲಿದ್ದು, ವ್ಯಂಜನದ ನೆತ್ತಿಯ ಮೇಲೆ ಚುಕ್ಕಿ ಇಟ್ಟು ಉಚ್ಚಾರ ಮೆದುವಾಗುವುದನ್ನು ಸೂಚಿಸುತ್ತದೆ. ಹೊಸ ಫಲಕಗಳಲ್ಲಿ ರೋಮನ್ ಅಕ್ಷರಗಳಿವೆ, ಚುಕ್ಕಿಯ ಜಾಗದಲ್ಲಿ 'ಎಚ್' ಬಂದಿದೆ. ಪಾದಚಾರಿ ಮಾರ್ಗದ ಮೇಲಿನ ಹಳೆಯ ಕಬ್ಬಿಣದ ಮುಚ್ಚಳಗಳಲ್ಲಿ, ಹಸಿರು ಅಂಚೆಪೆಟ್ಟಿಗೆಗಳಲ್ಲಿ, ವಾಹನ ನಿಲುಗಡೆಯ ಶುಲ್ಕದ ಫಲಕಗಳಲ್ಲಿ, 7ರ ಅಂಕಿಯಂತೆ ಕಾಣುವ ಒಂದು ಗುರುತು ಪದೇ ಪದೇ ಎದುರಾಯಿತು. 'ಮತ್ತು' ಎಂಬ ಅರ್ಥಕ್ಕೆ ಮಧ್ಯಯುಗದ ಲಿಪಿಕಾರರು ಬಳಸುತ್ತಿದ್ದ ಸಂಕೇತವದು. ಯುರೋಪಿನ ಉಳಿದೆಡೆ ವಸ್ತುಸಂಗ್ರಹಾಲಯ ಸೇರಿರುವ ಗುರುತು ಇಲ್ಲಿ ಇಂದಿಗೂ ಕಾರು ನಿಲ್ಲಿಸುವವರಿಂದ ಹಣ ಕೇಳುವ ಕೆಲಸ ಮಾಡುತ್ತಿದೆ.

ಹೆದ್ದಾರಿಯ ಫಲಕಗಳನ್ನು ಕಂಡಾಗ ಮಾತ್ರ ಬೇಸರವಾಯಿತು. ಅಲ್ಲಿಯೂ ಐರಿಷ್ ಹೆಸರು ಮೇಲಿದೆ, ಆದರೆ ಸಣ್ಣ, ಬಾಗಿದ ಅಕ್ಷರಗಳಲ್ಲಿದೆ; ಅದರ ಕೆಳಗೆ ಇಂಗ್ಲಿಷ್ ಹೆಸರು ನೆಟ್ಟಗಿನ ದೊಡ್ಡಕ್ಷರಗಳಲ್ಲಿ ನಿಂತಿದೆ. ಎಂಬತ್ತು ಕಿಲೋಮೀಟರ್ ವೇಗದಲ್ಲಿ ಹೋಗುವ ಚಾಲಕನ ಕಣ್ಣು ಮೊದಲು ಹಿಡಿಯುವುದು ಯಾವುದನ್ನು ಎಂದು ಹೇಳಬೇಕಾಗಿಲ್ಲ. ಕಾನೂನು ಮೇಲಿನ ಸ್ಥಾನ ಕೊಟ್ಟರೂ ಅಕ್ಷರವಿನ್ಯಾಸ ಅದನ್ನು ಕಿತ್ತುಕೊಂಡಿದೆ. ಎರಡು ಭಾಷೆಗಳಿಗೂ ಸಮಾನ ತೂಕದ ಅಕ್ಷರಗಳು ಬೇಕೆಂದು, ಐರಿಷ್ ಭಾಷೆಯ ಬಳಕೆಗಾಗಿ ದುಡಿಯುವ ಕೊನ್ರಾ ನ ಗೇಲ್ಗ ಸಂಸ್ಥೆ ಒಬ್ಬ ವಿನ್ಯಾಸಕಾರರ ಜತೆ ಸೇರಿ ಬದಲಿ ಮಾದರಿಯನ್ನೇ ತಯಾರಿಸಿ ಸರ್ಕಾರದ ಮುಂದಿಟ್ಟಿದೆ. ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ನಿಯಮ ಬಂದ ಮೇಲೆ ಬೆಂಗಳೂರಿನಲ್ಲಿ ಜಾಗದ ಅಳತೆಯ ಬಗ್ಗೆ ಎಷ್ಟೋ ಚರ್ಚೆ ನಡೆಯಿತು. ಅಕ್ಷರದ ದಪ್ಪ, ನಿಲುವು, ಬಣ್ಣಗಳ ಬಗ್ಗೆಯೂ ಅಷ್ಟೇ ಚರ್ಚೆ ನಡೆಯಬೇಕಿತ್ತು ಎಂದು ಆ ಫಲಕಗಳ ಕೆಳಗೆ ನಿಂತಾಗ ಅನಿಸಿತು.

ಮಂಗಳವಾರ, ಡಬ್ಲಿನ್

ಬೆಳಗ್ಗೆ ಬೆಗರ್ಸ್ ಬುಷ್ ಬಡಾವಣೆಯ ರಾಷ್ಟ್ರೀಯ ಮುದ್ರಣ ವಸ್ತುಸಂಗ್ರಹಾಲಯಕ್ಕೆ ಹೋದೆ. ಒಂದು ಕಾಲಕ್ಕೆ ಸೈನಿಕರ ಪ್ರಾರ್ಥನಾಲಯವಾಗಿದ್ದ ಕಟ್ಟಡದಲ್ಲಿ ಈಗ ಅಚ್ಚಿನ ಯಂತ್ರಗಳೂ ಅಚ್ಚುಮೊಳೆಗಳ ಪೆಟ್ಟಿಗೆಗಳೂ ಇವೆ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1916ರ ಈಸ್ಟರ್ ದಂಗೆಯ ಸ್ವಾತಂತ್ರ್ಯ ಘೋಷಣೆಯನ್ನು ಮುದ್ರಿಸಿದ್ದು ವಾರ್ಫ್‌ಡೇಲ್ ಮಾದರಿಯ ಯಂತ್ರದಲ್ಲಿ, ಗುಟ್ಟಾಗಿ, ಲಿಬರ್ಟಿ ಹಾಲ್‌ನಲ್ಲಿ. ಮೊಳೆಗಳು ಸಾಲದೆ ಪಠ್ಯವನ್ನು ಎರಡು ಭಾಗ ಮಾಡಿ ಅಚ್ಚು ಹಾಕಿದರು. ಆ ಹಾಳೆಯ ನೆತ್ತಿಯ ಮೇಲೆ ಗಣರಾಜ್ಯದ ಹೆಸರು ಐರಿಷ್‌ನಲ್ಲಿದೆ, ಉಳಿದುದೆಲ್ಲ ಇಂಗ್ಲಿಷ್. ಆ ಒಂದು ಸಾಲನ್ನೂ ದೀರ್ಘಸ್ವರದ ಗುರುತಿಲ್ಲದ ರೋಮನ್ ದೊಡ್ಡಕ್ಷರಗಳಲ್ಲೇ ಜೋಡಿಸಿದ್ದಾರೆ.

ಐರಿಷ್ ಅಚ್ಚಿನ ಚರಿತ್ರೆ ಅದಕ್ಕಿಂತ ಬಹಳ ಹಿಂದಿನದು. 1571ರಲ್ಲಿ ಡಬ್ಲಿನ್‌ನಲ್ಲಿ ಶಾನ್ ಓ ಕ್ಯಾರ್ನಿ ಅವರ ಧರ್ಮಬೋಧೆಯ ಪುಸ್ತಕ ಐರಿಷ್‌ನಲ್ಲಿ ಅಚ್ಚಾಯಿತು. ಅದಕ್ಕೆ ಮೊಳೆ ಎರಕ ಹೊಯ್ಯಿಸಲು ಹಣ ಕೊಟ್ಟವಳು ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್; ಪ್ರಾಟೆಸ್ಟೆಂಟ್ ಮತ ಪ್ರಸಾರ ಅವಳ ಉದ್ದೇಶವಾಗಿತ್ತು. ನಲವತ್ತು ವರ್ಷಗಳ ನಂತರ, 1611ರಲ್ಲಿ, ಲೂವೆನ್‌ನಲ್ಲಿ ಆಶ್ರಯ ಪಡೆದಿದ್ದ ಐರಿಷ್ ಫ್ರಾನ್ಸಿಸ್ಕನ್ ಸನ್ಯಾಸಿಗಳು ಕ್ಯಾಥೊಲಿಕ್ ಬೋಧೆಗಾಗಿ ತಮ್ಮದೇ ಮೊಳೆಗಳನ್ನು ಮಾಡಿಸಿದರು. ಎರಡೂ ಪಂಗಡಗಳು ಜನರ ಮನಸ್ಸು ಗೆಲ್ಲಲು ಅಕ್ಷರದ ರೂಪವನ್ನೇ ನೆಚ್ಚಿಕೊಂಡವು. ರಾಣಿಯ ಮೊಳೆಗಳಲ್ಲಿ ರೋಮನ್ ರೂಪಗಳೂ ಬೆರೆತಿದ್ದವು. ಸನ್ಯಾಸಿಗಳದು ಲಿಪಿಕಾರರ ಕೈಬರಹಕ್ಕೆ ಹೆಚ್ಚು ಹತ್ತಿರ. 1936ರಲ್ಲಿ ಕೊಲಂ ಓ ಲೋಖ್ಲನ್ ಮತ್ತು ಕಾರ್ಲ್ ಉಲೆಮನ್ ರೂಪಿಸಿ ಮಾನೊಟೈಪ್ ಕಂಪನಿ ಹೊರತಂದ 'ಕೊಲಂ ಕಿಲ್' ಅಚ್ಚು ನನಗೆ ಎಲ್ಲಕ್ಕಿಂತ ಇಷ್ಟವಾದುದು. ಹಳೆಯ ದುಂಡುಗೆ ಅದರಲ್ಲಿ ಉಳಿದಿದೆ, ಹಾಗಿದ್ದೂ ಪುಟ ತುಂಬ ಓದಿದರೆ ಕಣ್ಣು ದಣಿಯುವುದಿಲ್ಲ.

ಅಷ್ಟರಲ್ಲಿ ಕಾಲ ಮೀರಿತ್ತು. ಕಚೇರಿಗಳ ಟೈಪ್‌ರೈಟರಿಗೂ ಪುಸ್ತಕ ಮುದ್ರಣದ ವೆಚ್ಚಕ್ಕೂ ರೋಮನ್ ಅಕ್ಷರವೇ ಅನುಕೂಲ ಎಂಬ ವಾದ ಗೆದ್ದಿತು. 1958ರಲ್ಲಿ ಪ್ರಮಾಣಿತ ಬರಹದ ನಿಯಮಗಳು ಪ್ರಕಟವಾದವು. 1960ರ ದಶಕದಲ್ಲಿ ಶಾಲಾಪುಸ್ತಕಗಳೂ ರೋಮನ್‌ಗೆ ಹೊರಳಿದವು. ಟೈಪ್‌ರೈಟರಿಗೆ ಹೊಂದುವಂತೆ ಲಿಪಿಯನ್ನು ಸುಧಾರಿಸಬೇಕು ಎಂಬ ಮಾತು ಕನ್ನಡದಲ್ಲಿಯೂ ಎದ್ದಿತ್ತು, ನಮ್ಮ ಒತ್ತಕ್ಷರಗಳು ಹೇಗೋ ಉಳಿದುಕೊಂಡವು. ಐರಿಷ್‌ನ ಚುಕ್ಕಿ ಉಳಿಯಲಿಲ್ಲ. ಇಂದು ಹಳೆಯ ಅಕ್ಷರ ಹೆಚ್ಚಾಗಿ ಕಾಣುವುದು ಪಾನಗೃಹಗಳ ಹಲಗೆಗಳಲ್ಲಿ, ಪ್ರವಾಸಿಗರ ಉಡುಗೊರೆ ಅಂಗಡಿಗಳಲ್ಲಿ. ಅಲ್ಲಿಯೂ ಎಷ್ಟೋ ಕಡೆ ಆ ಶೈಲಿಯಲ್ಲಿ ಬರೆದಿರುವ ಪದಗಳು ಇಂಗ್ಲಿಷಿನವು. ಭಾಷೆಯನ್ನು ಹೊರಗಿಟ್ಟು ಅದರ ಉಡುಪನ್ನು ಮಾತ್ರ ತೊಟ್ಟುಕೊಳ್ಳುವ ಈ ಪರಿಪಾಟಿಯಿಂದ ಐರಿಷ್‌ಗೆ ಯಾವ ಲಾಭವೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ವ್ಯತಿರಿಕ್ತವಾಗಿ, ಜಾರ್ಲತ್ ಹೇಯ್ಸ್ ಅವರು ಐರ್ಲೆಂಡಿನ ಯೂರೋ ನಾಣ್ಯದ ಮೇಲೆ ದೇಶದ ಹೆಸರನ್ನು ಆ ಹಳೆಯ ಅಕ್ಷರದಲ್ಲೇ, ಐರಿಷ್‌ನಲ್ಲೇ ಕೂರಿಸಿದ್ದಾರೆ. ಚಿಲ್ಲರೆ ಕೊಡುವವರೂ ಪಡೆಯುವವರೂ ದಿನವೂ ಮುಟ್ಟುವ ಬರಹವದು.

ಮಧ್ಯಾಹ್ನ ಹಾರ್ಕೋರ್ಟ್ ಬೀದಿಯ ಆರನೆಯ ಸಂಖ್ಯೆಯ ಮನೆಗೆ ಹೋದೆ. 1893ರಲ್ಲಿ ಸ್ಥಾಪನೆಯಾದ, ಡಗ್ಲಸ್ ಹೈಡ್ ಮೊದಲ ಅಧ್ಯಕ್ಷರಾಗಿದ್ದ ಕೊನ್ರಾ ನ ಗೇಲ್ಗದ ಕಚೇರಿಯೂ ಪುಸ್ತಕದಂಗಡಿಯೂ ಇಲ್ಲಿವೆ. ಕೋಟಿನ ಅಂಚಿಗೆ ಚುಚ್ಚಿಕೊಳ್ಳುವ 'ಫಾನ್ಯ' ಎಂಬ ಪುಟ್ಟ ಉಂಗುರಾಕಾರದ ಪಿನ್ನು ಇಲ್ಲಿ ಸಿಗುತ್ತದೆ. ನಿರರ್ಗಳವಾಗಿ ಮಾತನಾಡುವವರಿಗೆ ಚಿನ್ನದ ಬಣ್ಣದ್ದು, ಕಲಿಯುತ್ತಿರುವವರಿಗೆ ಬೆಳ್ಳಿಯ ಬಣ್ಣದ್ದು. ಅದನ್ನು ತೊಟ್ಟವರನ್ನು ಯಾರು ಬೇಕಾದರೂ ಐರಿಷ್‌ನಲ್ಲಿ ಮಾತನಾಡಿಸಬಹುದು ಎಂಬುದೇ ಅದರ ಸಂದೇಶ. ಒಂದು ಅಕ್ಷರವೂ ಇಲ್ಲದ ಈ ಉಂಗುರ ಇಬ್ಬರು ಅಪರಿಚಿತರ ನಡುವಿನ ಸಂಕೋಚವನ್ನು ತೆಗೆದುಹಾಕುತ್ತದೆ. ನಾನು ನೋಡಿದ ಭಾಷಾಪ್ರಚಾರದ ವಿನ್ಯಾಸಗಳಲ್ಲಿ ಇಷ್ಟು ಕಡಿಮೆಯಲ್ಲಿ ಇಷ್ಟು ಕೆಲಸ ಮಾಡುವುದು ಇನ್ನೊಂದಿಲ್ಲ.

ಹಳೆಯ ಪುಸ್ತಕಗಳಲ್ಲಿ ಸಾರ್ಶೇಲ್ ಅಗಸ್ ಡಿಲ್ ಪ್ರಕಾಶನದ ಕೆಲವನ್ನು ಬಿಡಿಸಿ ನೋಡಿದೆ. 1940ರ ದಶಕದಲ್ಲಿ ಹುಟ್ಟಿದ ಈ ಪ್ರಕಾಶನ ಐರಿಷ್ ಪುಸ್ತಕವು ಪಠ್ಯಪುಸ್ತಕದಂತೆ ಮಂಕಾಗಿರಬೇಕಿಲ್ಲ ಎಂದು ತೋರಿಸಿಕೊಟ್ಟಿತು. ಅದರ ಎಷ್ಟೋ ಮುಖಪುಟಗಳನ್ನು ಬರೆದವರು ಕವಿ ಯೇಟ್ಸ್ ಅವರ ಮಗಳು, ಚಿತ್ರಕಲಾವಿದೆ ಆ್ಯನ್ ಯೇಟ್ಸ್. ಅವರ ಸೋದರತ್ತೆಯರ ಕೆಲಸವನ್ನು ಮರುದಿನ ನೋಡುವುದಿತ್ತು.

ಬುಧವಾರ, ಲಾಕ್‌ರೇ ಮತ್ತು ಗಾಲ್ವೇ

1902ರಲ್ಲಿ ಎವಲಿನ್ ಗ್ಲೀಸನ್ ಎಂಬುವರು ಲಿಲಿ ಮತ್ತು ಎಲಿಜಬೆತ್ ಯೇಟ್ಸ್ ಸೋದರಿಯರೊಂದಿಗೆ ಡಬ್ಲಿನ್ ಬಳಿಯ ಡಂಡ್ರಮ್‌ನಲ್ಲಿ 'ಡನ್ ಈಮರ್' ಎಂಬ ಕರಕುಶಲ ಸಂಘ ಕಟ್ಟಿದರು. ಐರಿಷ್ ಪುರಾಣದ ವೀರ ಕೂಹುಲಿನ್‌ನ ಹೆಂಡತಿ ಈಮರ್ ಕಸೂತಿಗೆ ಹೆಸರಾದವಳು; ಅವಳ ಹೆಸರನ್ನೇ ಸಂಘಕ್ಕೆ ಇಟ್ಟರು. ಗ್ಲೀಸನ್ ನೇಯ್ಗೆಯನ್ನೂ, ಲಿಲಿ ಕಸೂತಿಯನ್ನೂ, ಎಲಿಜಬೆತ್ ಅಚ್ಚುಕೂಟವನ್ನೂ ನೋಡಿಕೊಳ್ಳುತ್ತಿದ್ದರು. ಕೆಲಸಕ್ಕೆ ಬರುತ್ತಿದ್ದ ಊರ ಹುಡುಗಿಯರಿಗೆ ಚಿತ್ರಕಲೆಯ ಜತೆಗೆ ಐರಿಷ್ ಭಾಷೆಯ ಪಾಠವೂ ನಡೆಯುತ್ತಿತ್ತು. ಸೂಜಿ, ಮೊಳೆ, ಮಗ್ಗ ಮತ್ತು ಭಾಷೆ ಒಂದೇ ಸೂರಿನಡಿ ಇದ್ದ ಈ ಪ್ರಯೋಗದ ಬಗ್ಗೆ ಓದಿದಾಗಲೇ ನನಗೆ ಈ ಪ್ರವಾಸದ ಯೋಚನೆ ಹೊಳೆದಿತ್ತು. 1908ರಲ್ಲಿ ಸೋದರಿಯರು ಬೇರೆಯಾಗಿ ಕೂಲಾ ಎಂಬ ಹೆಸರಿನಲ್ಲಿ ಅಚ್ಚು ಮತ್ತು ಕಸೂತಿಯ ಕೆಲಸವನ್ನು ಮುಂದುವರಿಸಿದರು.

ಗಾಲ್ವೇಗೆ ಹೋಗುವ ದಾರಿಯಲ್ಲಿ ಲಾಕ್‌ರೇ ಎಂಬ ಸಣ್ಣ ಊರಿನಲ್ಲಿ ಇಳಿದೆ. ಸಂತ ಬ್ರೆಂಡನ್‌ನ ಪ್ರಧಾನ ಇಗರ್ಜಿಗಾಗಿ ಡನ್ ಈಮರ್ ಹೆಂಗಸರು ಹೊಲಿದ ಮೆರವಣಿಗೆಯ ಪತಾಕೆಗಳು ಇಲ್ಲಿವೆ. ನಾರಗಸೆಯ ಬಟ್ಟೆಯ ಮೇಲೆ ರೇಷ್ಮೆ ಮತ್ತು ಉಣ್ಣೆಯ ದಾರದಲ್ಲಿ ಐರಿಷ್ ಸಂತರ ಆಕೃತಿಗಳನ್ನು ತುಂಬಿದ್ದಾರೆ. ಹೆಚ್ಚಿನವುಗಳ ಚಿತ್ರ ಬರೆದವರು ಆ ಸೋದರಿಯರ ತಮ್ಮ ಜ್ಯಾಕ್ ಯೇಟ್ಸ್. ಅಗಲವಾದ ಬಣ್ಣದ ಪಟ್ಟೆಗಳು, ದಪ್ಪ ಹೊರಗೆರೆ, ಕಡಿಮೆ ವಿವರ: ದೂರದಿಂದ ನೋಡಿದರೂ ಸಂತನ ಗುರುತು ಸಿಗಬೇಕು ಎಂಬ ಲೆಕ್ಕಾಚಾರ ಸ್ಪಷ್ಟವಾಗಿದೆ. ಭಿತ್ತಿಪತ್ರ ಮಾಡುವವರು ಕಲಿಯಬೇಕಾದುದೆಲ್ಲ ಈ ಬಟ್ಟೆಗಳಲ್ಲಿದೆ. ಬಹಳ ಹೊತ್ತು ಅಲ್ಲೇ ನಿಂತಿದ್ದೆ; ಬಸ್ಸು ತಪ್ಪಿಹೋಗುವುದೆಂದು ನೋಡಿಕೊಳ್ಳುವವರು ನೆನಪಿಸಬೇಕಾಯಿತು.

ಸಂಜೆ ಗಾಲ್ವೇಯ ಅಂಗಡಿಬೀದಿಯಲ್ಲಿ ತಿರುಗಾಡಿದೆ. 'ಗಾಲಿವ್ ಲೆ ಗೇಲ್ಗ' ಎಂಬ ಸಂಸ್ಥೆ 1980ರ ದಶಕದಿಂದ ಇಲ್ಲಿನ ವ್ಯಾಪಾರಿಗಳ ಬಳಿ ಹೋಗಿ, ಫಲಕ, ಊಟದ ಪಟ್ಟಿ, ಪೊಟ್ಟಣಗಳಿಗೆ ಐರಿಷ್ ಪದಗಳನ್ನು ಒದಗಿಸುತ್ತ ಬಂದಿದೆ. ಒತ್ತಾಯವಿಲ್ಲದೆ ವ್ಯಾಪಾರಿಗಳೇ ಮುಂದೆ ಬರುವಂತೆ ಮಾಡಿರುವುದು ಅದರ ದೊಡ್ಡ ಸಾಧನೆ. ಬಾಗಿಲಿನ ಮೇಲೆ 'ತಳ್ಳಿ', 'ಎಳೆಯಿರಿ' ಎಂಬಂಥ ಪದಗಳು ಐರಿಷ್‌ನಲ್ಲಿರುವುದನ್ನು ಇಲ್ಲಿ ಕಂಡು ಸಂತೋಷವಾಯಿತು.

ಗುರುವಾರ, ಇನಿಷ್‌ಮಾನ್

ರೋಸವೀಲ್ ಬಂದರಿಗೆ ಹೋಗುವ ಬಸ್ಸು ಗಾಲ್ವೇ ದಾಟಿ ಸ್ವಲ್ಪ ದೂರ ಹೋಗುತ್ತಲೇ ಫಲಕಗಳಿಂದ ಇಂಗ್ಲಿಷ್ ಮಾಯವಾಯಿತು. ಐರಿಷ್ ಆಡುಭಾಷೆಯಾಗಿರುವ ಗೇಲ್ಟಾಖ್ಟ್ ಪ್ರದೇಶಗಳಲ್ಲಿ 2005ರಿಂದ ಊರುಗಳ ಹೆಸರು ಐರಿಷ್‌ನಲ್ಲಿ ಮಾತ್ರ ಇರಬೇಕೆಂಬ ಆದೇಶವಿದೆ. ದೋಣಿಯಲ್ಲಿ ಪಕ್ಕದಲ್ಲಿದ್ದ ತಾಯಿ ಮಗುವನ್ನು ಗದರಿಸಿದ್ದು ಐರಿಷ್‌ನಲ್ಲಿ, ಸಮಾಧಾನ ಮಾಡಿದ್ದೂ ಅದರಲ್ಲೇ.

ಇನಿಷ್‌ಮಾನ್ ಆರನ್ ದ್ವೀಪಗಳಲ್ಲಿ ನಡುವಿನದು; ವಾಸವಿರುವವರು ಇನ್ನೂರಕ್ಕಿಂತ ಕಡಿಮೆ. ಸುಣ್ಣದಕಲ್ಲಿನ ಬೇಲಿಗೋಡೆಗಳು ಪುಟ್ಟ ಪುಟ್ಟ ಹೊಲಗಳನ್ನು ಸುತ್ತುವರಿದಿವೆ. 1976ರಲ್ಲಿ ಟಾರ್ಲಖ್ ಮತ್ತು ಆನ್ಯ ಡಿ ಬ್ಲಾಕಮ್ ದಂಪತಿಗಳು ಇಲ್ಲಿ ಹೆಣಿಗೆಯ ಕಾರ್ಖಾನೆ ತೆರೆದರು. ಯುವಕರು ಕೆಲಸ ಹುಡುಕಿಕೊಂಡು ದ್ವೀಪ ಬಿಟ್ಟರೆ ಭಾಷೆಯೂ ಅವರ ಬೆನ್ನಿಗೇ ಹೊರಟುಹೋಗುತ್ತದೆ ಎಂಬ ಅರಿವು ಇಂಥ ಪ್ರಯತ್ನಗಳ ಹಿಂದಿದೆ. ಇಂದು ಇಲ್ಲಿ ಹೆಣೆದ ಉಡುಪುಗಳು ಇಟಲಿ, ಜಪಾನ್‌ಗಳ ದುಬಾರಿ ಅಂಗಡಿಗಳಿಗೆ ಹೋಗುತ್ತವೆ. ಹಳೆಯ ಮೀನುಗಾರರ ಸ್ವೆಟರಿನ ಹೆಣಿಗೆಗಳನ್ನು ಆಧರಿಸಿದ್ದರೂ ಅವು ಹಳೆಯದರ ನಕಲುಗಳಲ್ಲ; ಕಲ್ಲುಗೋಡೆಯ ಜೋಡಣೆ, ಕಲ್ಲಿನ ಮೇಲಿನ ಹಾವಸೆಯ ಬಣ್ಣಗಳು ನೂಲಿಗೆ ಇಳಿದಿವೆ. ಇಡೀ ಉಡುಪಿನ ಮೇಲೆ ಭಾಷೆಯ ಬಗ್ಗೆ ಒಂದು ಘೋಷಣೆಯೂ ಇಲ್ಲ. ಅದರ ವಿನ್ಯಾಸ, ಅಳತೆ, ಜಗಳ, ಸಂಬಳದ ಮಾತುಗಳು ಐರಿಷ್‌ನಲ್ಲಿ ನಡೆಯುತ್ತವೆ, ಅದೇ ಮುಖ್ಯ.

ಪ್ರವಾಸಿ ಅಂಗಡಿಗಳಲ್ಲಿ ಆರನ್ ಸ್ವೆಟರಿನ ಜತೆ ಒಂದು ಚೀಟಿ ಕೊಡುತ್ತಾರೆ: ಪ್ರತಿ ಮನೆತನಕ್ಕೂ ತನ್ನದೇ ಹೆಣಿಗೆಯ ಮಾದರಿ ಇತ್ತು, ಮುಳುಗಿದವರ ಗುರುತು ಅದರಿಂದ ಸಿಗುತ್ತಿತ್ತು ಎಂದು. ಅದು ಮಾರಾಟಕ್ಕಾಗಿ ಬೆಳೆದ ಕತೆ. ಈ ಬಗೆಯ ಸ್ವೆಟರ್ ರೂಪುಗೊಂಡಿದ್ದೇ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ. ನಿಜವಾದ ಸಂಗತಿಗಳು ಅದಕ್ಕಿಂತ ಸೊಗಸಾಗಿವೆ. 'ಕ್ರಿಸ್' ಎಂಬ ಬಣ್ಣಬಣ್ಣದ ಉಣ್ಣೆಯ ನಡುಪಟ್ಟಿಯನ್ನು ಹೆಂಗಸರು ಮಗ್ಗವಿಲ್ಲದೆಯೇ, ಹಾಸಿನ ಎಳೆಗಳ ಒಂದು ತುದಿಯನ್ನು ಪಾದಕ್ಕೆ ಬಿಗಿದು, ಬೆರಳುಗಳಿಂದಲೇ ನೇಯುತ್ತಿದ್ದರು. ಒಬ್ಬ ಅಜ್ಜಿ ನನಗಾಗಿ ನೇಯ್ದು ತೋರಿಸಿದರು. ಎಳೆ ಎತ್ತುವಾಗ ಪಕ್ಕದಲ್ಲಿದ್ದ ಮೊಮ್ಮಗಳಿಗೆ ಬಣ್ಣಗಳ ಹೆಸರನ್ನು, ಎಣಿಕೆಯನ್ನು ಹೇಳುತ್ತ ಹೋದರು. ಅವಳು ತಪ್ಪಿ ಇಂಗ್ಲಿಷ್ ಅಂಕಿ ಹೇಳಿದಾಗ ಕೈ ನಿಲ್ಲಿಸಿ, ಸರಿಯಾದುದು ಬರುವವರೆಗೆ ಕಾದರು. ನನಗೆ ಇಂಗ್ಲಿಷ್‌ನಲ್ಲಿ ವಿವರಿಸುವಾಗ ಅವರ ಕೈ ಎರಡು ಸಲ ತಪ್ಪಿತು. ಅನಂತರ ನಾನು ಏನನ್ನೂ ಕೇಳದೆ ನೋಡುತ್ತ ಕುಳಿತೆ.

ಶುಕ್ರವಾರ

ಇಡೀ ದಿನ ಪ್ರಯಾಣ. ಗಾಲ್ವೇಯಿಂದ ಸ್ಲೈಗೊ, ಡಾನಿಗಾಲ್ ಪಟ್ಟಣದ ಮೂಲಕ ಉತ್ತರಕ್ಕೆ. ಮಳೆ ಬಿಡಲಿಲ್ಲ.

ಶನಿವಾರ, ಗ್ಲೆನ್‌ಕೊಲಂಕಿಲ್

ಡಾನಿಗಾಲ್ ಜಿಲ್ಲೆಯ ಪಶ್ಚಿಮ ತುದಿಯ ಈ ಕಣಿವೆ ಸಂತ ಕೊಲಂ ಕಿಲ್ ಹೆಸರಿನದು. ಡಬ್ಲಿನ್ನಿನಲ್ಲಿ ನಾನು ಮೆಚ್ಚಿದ ಅಚ್ಚಿಗೂ ಅವನದೇ ಹೆಸರು. ವಯಸ್ಕರಿಗೆ ಐರಿಷ್ ಕಲಿಸುವ 'ಇಜಸ್ ಗೇಲ್' ಸಂಸ್ಥೆ 1984ರಲ್ಲಿ ಇಲ್ಲಿ ಆರಂಭವಾಯಿತು. ದೇಶದ ಅಧ್ಯಕ್ಷೆಯಾಗಿದ್ದ ಮೇರಿ ಮ್ಯಾಕಲೀಸ್ ಕೂಡ ಇಲ್ಲಿಗೆ ಬಂದು ಕಲಿತವರು. ಬರೀ ವ್ಯಾಕರಣದ ತರಗತಿಯ ಬದಲು ಬೆಟ್ಟ ಹತ್ತುವುದು, ಕೊಳಲು ನುಡಿಸುವುದು, ಚಿತ್ರನೇಯ್ಗೆ ಮಾಡುವುದು ಮುಂತಾದ ಕೆಲಸಗಳ ನಡುವೆ ಭಾಷೆ ಕಲಿಸುವ ಪದ್ಧತಿ ಇಲ್ಲಿಯದು. 1993ರಲ್ಲಿ ಇದೇ ಕಣಿವೆಯಲ್ಲಿ 'ಟಾಪೇಶ್ ಗೇಲ್' ಎಂಬ ಚಿತ್ರನೇಯ್ಗೆ ಕಲಾವಿದರ ಸಹಕಾರಿ ಸಂಘವೂ ಹುಟ್ಟಿತು. ಸ್ಥಳೀಯ ಉಣ್ಣೆಗೆ ಗಿಡಗಳ ಬಣ್ಣ ಹಾಕಿ, ಸುತ್ತಲಿನ ಸಮುದ್ರ, ಪೀಟ್ ಮಣ್ಣಿನ ಜೌಗು, ಬೆಟ್ಟಗಳನ್ನು ಅವರು ಗೋಡೆಚಿತ್ರಗಳಾಗಿ ನೇಯ್ದರು.

ಬಣ್ಣದ ಕೆಲಸವನ್ನು ಒಬ್ಬ ನೇಕಾರ್ತಿ ಸಾವಧಾನವಾಗಿ ವಿವರಿಸಿದರು. ಬಂಡೆಯ ಮೇಲಿನ ಕಲ್ಲುಹೂವನ್ನು ಕೆರೆದು, ಕಬ್ಬಿಣದ ಹಂಡೆಯಲ್ಲಿ ಒಂದು ಪದರ ಕಲ್ಲುಹೂವು, ಒಂದು ಪದರ ಉಣ್ಣೆ ಎಂದು ಹಾಸಿ ಗಂಟೆಗಟ್ಟಲೆ ಕುದಿಸಿದರೆ ಕೆಂಗಂದು ಬಣ್ಣ ಬರುತ್ತದೆ. ಅದು ನಿಲ್ಲಲು ಪಟಿಕವೂ ಬೇಡ. ಕಲ್ಲುಹೂವು ಬಹಳ ನಿಧಾನವಾಗಿ ಬೆಳೆಯುವುದರಿಂದ ಈಗ ಅದನ್ನು ಮಿತವಾಗಿ ಬಳಸುತ್ತಾರೆ. ಈರುಳ್ಳಿ ಸಿಪ್ಪೆಯಿಂದ ಹಳದಿ, ಹೆದರ್ ಪೊದೆಯಿಂದ ಹಸಿರುಮಿಶ್ರಿತ ಹಳದಿ. ಮಗ್ಗದ ಭಾಗಗಳು, ಹಾಸು, ಹೊಕ್ಕು, ಲಾಳಿ, ಕದಿರು, ಎಲ್ಲದರ ಹೆಸರನ್ನೂ ಅವರು ಐರಿಷ್‌ನಲ್ಲೇ ಹೇಳಿ, ಕೈಯಿಂದ ಮುಟ್ಟಿ ತೋರಿಸಿದರು. ಈ ಹೆಸರುಗಳನ್ನು ನಿಘಂಟಿನಲ್ಲಿ ಓದಿದ್ದವರೂ ತರಗತಿಯಲ್ಲಿದ್ದರು. ಲಾಳಿಯನ್ನು ಎರಡು ಬಾರಿ ಅತ್ತಿಂದಿತ್ತ ದಾಟಿಸಿದ ಮೇಲೆ ಅವರು ಅದರ ಹೆಸರಿಗಾಗಿ ತಡವರಿಸಲಿಲ್ಲ. ಡಬ್ಲಿನ್ನಿನಿಂದ ಬಂದಿದ್ದ ಒಬ್ಬ ನಿವೃತ್ತ ಶಿಕ್ಷಕರು, ಶಾಲೆಯಲ್ಲಿ ಹದಿನಾಲ್ಕು ವರ್ಷ ಕಲಿತ ಭಾಷೆಯಲ್ಲಿ ಮೊದಲ ಬಾರಿಗೆ ಯಾರಿಗಾದರೂ ಒಂದು ವಸ್ತುವನ್ನು ಕೊಡಲು ಕೇಳಿದ್ದು ಇಲ್ಲಿಯೇ ಎಂದರು.

ಮಧ್ಯಾಹ್ನದ ನಂತರ ಪಕ್ಕದ ಕಿಲ್‌ಕಾರ್‌ಗೆ ಹೋದೆ. ಬೂದು, ಕಂದು ಬಟ್ಟೆಯ ನಡುವೆ ಹಳದಿ, ನೇರಳೆ, ಕೆಂಪು ನೂಲಿನ ಚಿಕ್ಕ ಗಂಟುಗಳು ಇಣುಕುವ ಡಾನಿಗಾಲ್ ಟ್ವೀಡನ್ನು ಇಲ್ಲಿ ಇಂದಿಗೂ ಕೈಮಗ್ಗದಲ್ಲಿ ನೇಯುತ್ತಾರೆ. 1950ರ ದಶಕದ ಕೊನೆಯಲ್ಲಿ ಸರ್ಕಾರ ಗೇಲ್ಟಾಖ್ಟ್ ಊರುಗಳಲ್ಲಿ ಉದ್ಯೋಗ ಸೃಷ್ಟಿಸಲು ಸ್ಥಾಪಿಸಿದ 'ಗೇಲ್ಟಾರಾ ಏರನ್' ಸಂಸ್ಥೆ ಟ್ವೀಡು ಮತ್ತು ಹೆಣಿಗೆಯ ಗಿರಣಿಗಳನ್ನು ನಡೆಸಿತು. 1980ರಲ್ಲಿ ಅದರ ಜಾಗಕ್ಕೆ 'ಊದಾರಾಸ್ ನ ಗೇಲ್ಟಾಖ್ಟ' ಬಂದಿತು. ಇಂದು ಅಂಗಡಿಯ ಚೀಟಿಗಳಲ್ಲಿ ಐರಿಷ್ ಪದಗಳು ಕಡಿಮೆ. ಬಟ್ಟೆಯ ಬದಿಗೆ ಹೊಲಿಯುವ ಬೆರಳಗಲದ ಚೀಟಿಯಲ್ಲಿ ಅಳತೆ, ಒಗೆಯುವ ಕ್ರಮಗಳನ್ನು ಐರಿಷ್‌ನಲ್ಲಿ ಮುದ್ರಿಸಲು ಖರ್ಚೇನೂ ಹೆಚ್ಚಾಗದು. ಉಡುಪು ಎಲ್ಲಿಗೆ ಹೋದರೂ ಭಾಷೆ ಜತೆಗೆ ಹೋಗುತ್ತದೆ. ನೇಕಾರರಿಗೆ ಇದನ್ನು ಹೇಳಿದೆ. ತಮಗೂ ಅದೇ ಆಸೆ, ಆದರೆ ಸಗಟು ಕೊಳ್ಳುವವರು ತಮ್ಮದೇ ಚೀಟಿ ಕಳುಹಿಸುತ್ತಾರೆ ಎಂದರು.

ಸೋಮವಾರ, ಬೆಲ್‌ಫಾಸ್ಟ್

ಭಾನುವಾರ ಗಡಿ ದಾಟಿ ಬಂದು ವಿಶ್ರಾಂತಿ ಪಡೆದೆ. ಬ್ರಿಟನ್ನಿನ ಆಡಳಿತಕ್ಕೆ ಸೇರಿದ ಈ ನಗರದಲ್ಲಿ ಐರಿಷ್‌ನ ಪ್ರತಿ ಫಲಕವೂ ಹೋರಾಟದ ವಿಷಯ. ಹಾಗಿದ್ದರೂ ಈ ಭಾಷೆ ಇಲ್ಲಿ ಕ್ಯಾಥೊಲಿಕ್ ಸಮುದಾಯವೊಂದರದ್ದೇ ಆಗಿರಲಿಲ್ಲ. ಐರಿಷ್‌ನ ಮೊದಲ ನಿಯತಕಾಲಿಕ ಅಚ್ಚಾಗಿದ್ದು 1795ರಲ್ಲಿ, ಇದೇ ಬೆಲ್‌ಫಾಸ್ಟಿನಲ್ಲಿ. ನಾರಗಸೆಯ ಬಟ್ಟೆಯಿಂದ ಸಿರಿವಂತವಾದ ಈ ಊರಿನ ಪ್ರಾಟೆಸ್ಟೆಂಟ್ ಉದ್ಯಮಿ ರಾಬರ್ಟ್ ಮ್ಯಾಕ್ಯಾಡಮ್ ಐರಿಷ್ ಹಸ್ತಪ್ರತಿಗಳನ್ನು ಸಂಗ್ರಹಿಸಿದವರು. ಫಾಲ್ಸ್ ರಸ್ತೆಯಲ್ಲಿ ಹಳೆಯ ಪ್ರೆಸ್ಬಿಟೇರಿಯನ್ ಇಗರ್ಜಿಯ ಕಟ್ಟಡದಲ್ಲಿ 1991ರಲ್ಲಿ ತೆರೆದ ಸಾಂಸ್ಕೃತಿಕ ಕೇಂದ್ರ 'ಕುಲ್ಟೂರ್ಲನ್'ಗೆ ಅವರ ಹೆಸರನ್ನೂ ಕಾರ್ಡಿನಲ್ ಓ ಫೀಖ್ ಅವರ ಹೆಸರನ್ನೂ ಜೋಡಿಸಿದ್ದಾರೆ.

ಕೇಂದ್ರದಲ್ಲಿ ಕಾಫಿ ಕುಡಿಯುತ್ತ ಒಬ್ಬ ಯುವ ವಿನ್ಯಾಸಕಿಯೊಂದಿಗೆ ಮಾತನಾಡಿದೆ. 2016ರ ಡಿಸೆಂಬರಿನಲ್ಲಿ, ಬಡ ಮಕ್ಕಳು ಗೇಲ್ಟಾಖ್ಟ್‌ಗೆ ಹೋಗಿ ಐರಿಷ್ ಕಲಿಯಲು ಕೊಡುತ್ತಿದ್ದ 50,000 ಪೌಂಡುಗಳ ನೆರವನ್ನು ಇಲ್ಲಿನ ಸಚಿವರು ನಿಲ್ಲಿಸಿದರು. ಆ ಕೋಪದಿಂದ ಹುಟ್ಟಿದ್ದು 'ಅನ್ ಡ್ರ್ಯಾಮ್ ಜ್ಯಾರಗ್', ಅಂದರೆ ಕೆಂಪು ತಂಡ. ಅದರ ಗುರುತು ಒಂದು ಕೆಂಪು ವೃತ್ತ, ಅದರ ಸಮವಸ್ತ್ರ ಒಂದು ಕೆಂಪು ಅಂಗಿ. ಹಸಿರನ್ನು ಬಿಟ್ಟು ಕೆಂಪನ್ನು ಆರಿಸಿಕೊಂಡಿದ್ದೇ ಜಾಣತನ ಎಂದು ನನಗನಿಸಿತು: ಹಸಿರು ಐರಿಷ್ ರಾಷ್ಟ್ರೀಯವಾದಿಗಳ ಬಣ್ಣ, ಈ ನಗರದಲ್ಲಿ ಅದನ್ನು ಕಂಡ ತಕ್ಷಣ ಪಕ್ಷ ಯಾವುದೆಂದು ಜನ ನಿರ್ಧರಿಸಿಬಿಡುತ್ತಾರೆ. 2017ರ ಮೇ ಮತ್ತು 2022ರ ಮೇ ತಿಂಗಳಲ್ಲಿ ಸಾವಿರಾರು ಜನ ಕೆಂಪು ತೊಟ್ಟು ಬೆಲ್‌ಫಾಸ್ಟಿನ ಬೀದಿಗಳಲ್ಲಿ ನಡೆದರು. ಯಾರ ಮನೆಯಲ್ಲಿ ಕೆಂಪು ಅಂಗಿ ಇಲ್ಲ? ಕೊಳ್ಳಲಾಗದವರು ಹಳೆಯ ಸ್ವೆಟರ್ ತೊಟ್ಟು ಬಂದರು, ಮಕ್ಕಳು ಕೆನ್ನೆಗೆ ವೃತ್ತ ಬರೆಸಿಕೊಂಡರು. 2022ರ ಡಿಸೆಂಬರಿನಲ್ಲಿ ಉತ್ತರ ಐರ್ಲೆಂಡಿನಲ್ಲಿ ಐರಿಷ್‌ಗೆ ಅಧಿಕೃತ ಮಾನ್ಯತೆ ಕೊಡುವ ಕಾಯಿದೆ ಬಂತು. ಅದೇ ವರ್ಷ ನಗರಸಭೆ, ಬೀದಿಯ ಶೇ. 15ರಷ್ಟು ನಿವಾಸಿಗಳು ಒಪ್ಪಿದರೂ ದ್ವಿಭಾಷಾ ಫಲಕವನ್ನು ಪರಿಗಣಿಸುವ ನೀತಿಯನ್ನು ಜಾರಿಗೆ ತಂದಿತು.

ಸಂಜೆ ಡಬ್ಲಿನ್ನಿನ ರೈಲಿಗಾಗಿ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣಕ್ಕೆ ಬಂದೆ. 2024ರಲ್ಲಿ ತೆರೆದ ಈ ಭವ್ಯ ನಿಲ್ದಾಣದಲ್ಲಿ ಐರಿಷ್ ಅಳವಡಿಸಲು 1.5 ಲಕ್ಷ ಪೌಂಡುಗಳನ್ನು ಕೊಡುವುದಾಗಿ ಸಚಿವೆ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ್ದರು. ವಿವಾದ ಎದ್ದು ನ್ಯಾಯಾಲಯದ ಮೆಟ್ಟಿಲೇರಿತ್ತು. ಪತ್ರಿಕೆಗಳ ಜಗಳವೆಲ್ಲ ಫಲಕಗಳ ಬಗ್ಗೆಯೇ. ಆ ಯೋಜನೆಯಲ್ಲಿ ಟಿಕೆಟ್ ಯಂತ್ರಗಳೂ ಸೇರಿವೆ ಎಂಬುದನ್ನು ವಿನ್ಯಾಸಕಿ ನನ್ನ ಗಮನಕ್ಕೆ ತಂದಿದ್ದಳು. ಯಂತ್ರದ ಪರದೆಯ ಮೇಲೆ ಗುಂಡಿ ಎಷ್ಟು ದೊಡ್ಡದಿರಬೇಕು, ಐರಿಷ್ ಆಯ್ಕೆ ಮೊದಲ ಪುಟದಲ್ಲೇ ಕಾಣಬೇಕೇ, ಉದ್ದದ ಊರುಹೆಸರುಗಳು ಒಂದೇ ಸಾಲಿನಲ್ಲಿ ಕೂರಲು ಅಕ್ಷರದ ಅಗಲ ಎಷ್ಟಿರಬೇಕು ಎಂದು ಅವಳು ಕರವಸ್ತ್ರದ ಕಾಗದದ ಮೇಲೆ ಬರೆದು ತೋರಿಸಿದ್ದಳು. ನಿಲ್ದಾಣದ ಯಂತ್ರದ ಮುಂದೆ ನಿಂತು ಆ ಅಳತೆಗಳನ್ನು ಪರದೆಗೆ ಹಿಡಿದು ನೋಡಿದೆ. ಅವಳ ಅಂದಾಜು ಸರಿಯಾಗಿತ್ತು, ಅತಿ ಉದ್ದದ ಹೆಸರಿಗೂ ಜಾಗ ಸಾಕಾಗುತ್ತಿತ್ತು.